ಹ್ಯೂಸ್, ಸರ್ ಎಡ್ವರ್ಡ್

ಸರ್ ಎಡ್ವರ್ಡ್ ಹ್ಯೂಸ್ (ಸು. 1720–1794): ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್. ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ ಹಿಂದೂ ಮಹಾಸಾಗರದ ಬ್ರಿಟಿಷ್ ನೌಕಾದಳದ ಅಧಿಪತಿಯಾಗಿದ್ದವನು. 1780ರ ಡಿಸೆಂಬರಿನಲ್ಲಿ ಮಂಗಳೂರು ಬಂದರಿನಲ್ಲಿ ಹೈದರ್ ಅಲಿಯ ಹಡಗುಗಳನ್ನು ಸುಟ್ಟ. 1782–83ರಲ್ಲಿ ಕೋರಮಂಡಲ ಮತ್ತು ಸಿಂಹಳದ ಕರಾವಳಿಗಳಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನನೊಡನೆ ಐದು ಸಲ ಕಾದಾಡಿದ. ಆ ಐದರಲ್ಲಿ ಒಂದನ್ನೂ ಆತ ನಿಚ್ಚಳವಾಗಿ ಗೆಲ್ಲಲಿಲ್ಲ. ಒಂದರಲ್ಲೂ ತನ್ನ ಹಡಗನ್ನು ಶತ್ರುವಿನ ಕೈಗೆ ಬಿಟ್ಟುಕೊಡಲೂ ಇಲ್ಲ. ನೌಕಾಯುದ್ಧದ ಇತಿಹಾಸಗಳಲ್ಲಿ ಆತ ಬರುವುದು ಹೆಚ್ಚಾಗಿ ಸಫ್ರೆನನ ಎದುರಾಳಿಯಾಗಿ ಮಾತ್ರ. ಮೈಸೂರಿನ ಕಡೆಯಿಂದ ನೋಡಿದರೆ ಈತನಿಗೆ ಇದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕು.

ಹ್ಯೂಸ್ ಇಂಗ್ಲೆಂಡಿನ ಹರ್ಟ್‌ಫರ್ಡ್ ಪಟ್ಟಣದವನು. 1735ರಲ್ಲಿ ನೌಕಾಪಡೆ ಸೇರಿದ. 1739ರಲ್ಲಿ ಅಡ್ಮಿರಲ್ ವರ್ನನ್ ಸ್ಪೇನಿನವರಿಂದ ಪೋರ್ಟೊಬೆಲ್ಲೊ ಬಂದರನ್ನು ಕಿತ್ತುಕೊಂಡಾಗ ಅಲ್ಲಿದ್ದ. ಮರುವರ್ಷ ಲೆಫ್ಟಿನೆಂಟ್ ಆದ. 1741ರಲ್ಲಿ ಕಾರ್ಟಹೀನ ಮುತ್ತಿಗೆಯ ಸೋಲನ್ನೂ 1744ರಲ್ಲಿ ಟೂಲಾನ್ ಕದನದ ಗೊಂದಲವನ್ನೂ ಕಂಡ. ಟೂಲಾನಿನಲ್ಲಿ ಬ್ರಿಟಿಷ್ ದಳದ ಹಿಂಭಾಗದ ಹಡಗುಗಳು ತಮ್ಮ ಅಧಿಪತಿಯ ನೆರವಿಗೆ ಬರದೆ ದೂರವೇ ಉಳಿದವು. ಆ ಪ್ರಕರಣದ ವಿಚಾರಣೆಗಳು ವರ್ಷಗಟ್ಟಲೆ ನಡೆದವು. ಜೊತೆಯ ಹಡಗು ನೆರವಿಗೆ ಬರುವುದೋ ಇಲ್ಲವೋ ಎಂಬ ಈ ಪ್ರಶ್ನೆ ಹ್ಯೂಸನ ವೃತ್ತಿಜೀವನದ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ. ಆತನಿಗೆ ಕ್ಯಾಪ್ಟನ್ ಪದವಿ ಸಿಕ್ಕಿದ್ದೂ ಅಂಥದೇ ಒಂದು ಘಟನೆಯಿಂದ. 1747ರಲ್ಲಿ ಅಝೋರ್ಸ್ ದ್ವೀಪಗಳ ಬಳಿ 'ವಾರಿಕ್' ಎಂಬ ಹಡಗು 'ಗ್ಲೋರಿಯೋಸೊ' ಎಂಬ ಸ್ಪೇನಿನ ದೊಡ್ಡ ನೌಕೆಯ ಮೇಲೆ ಒಂಟಿಯಾಗಿ ಕಾದಾಡಿ ಕೂವೆಮರಗಳನ್ನು ಕಳೆದುಕೊಂಡಿತು. ಜೊತೆಗಿದ್ದ 'ಲಾರ್ಕ್' ಹತ್ತಿರ ಸುಳಿಯಲಿಲ್ಲ. ಲಾರ್ಕಿನ ಕ್ಯಾಪ್ಟನ್ ಕೋರ್ಟ್ ಮಾರ್ಷಲ್‌ಗೆ ಒಳಗಾಗಿ ಹುದ್ದೆ ಕಳೆದುಕೊಂಡ. ವಾರಿಕ್ ಹಡಗಿನಲ್ಲಿದ್ದ ಹ್ಯೂಸನಿಗೆ 1748ರಲ್ಲಿ ಅದೇ ಲಾರ್ಕ್ ಹಡಗಿನ ಅಧಿಕಾರ ಸಿಕ್ಕಿತು.

ಆ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಒಮ್ಮೆ ಕ್ಯಾಪ್ಟನ್ ಪಟ್ಟಿಗೆ ಹೆಸರು ಸೇರಿದರೆ ಮುಂದಿನ ಬಡ್ತಿ ಹಿರಿತನದಿಂದಲೇ. ಪಟ್ಟಿಯಲ್ಲಿ ಮೇಲಿದ್ದವರು ಸತ್ತಂತೆ ಕೆಳಗಿದ್ದವರು ಮೇಲೇರುತ್ತಿದ್ದರು. ಯುದ್ಧವಿಲ್ಲದ ವರ್ಷಗಳಲ್ಲಿ ಹೆಚ್ಚಿನ ಅಧಿಕಾರಿಗಳು ಅರ್ಧ ಸಂಬಳದ ಮೇಲೆ ಮನೆಯಲ್ಲಿರುತ್ತಿದ್ದರು. ಹ್ಯೂಸನೂ ಹಾಗೆ ವರ್ಷಗಳನ್ನು ಕಳೆದಿದ್ದಾನೆ. ಏಳು ವರ್ಷಗಳ ಯುದ್ಧ ಆತನನ್ನು ಮತ್ತೆ ಕಡಲಿಗಿಳಿಸಿತು. 'ಸಾಮರ್‌ಸೆಟ್' ಹಡಗಿನ ಕ್ಯಾಪ್ಟನ್ ಆಗಿ 1758ರಲ್ಲಿ ಲೂಯಿಬರ್ಗ್, 1759ರಲ್ಲಿ ಕ್ವಿಬೆಕ್ ಕಾರ್ಯಾಚರಣೆಗಳಲ್ಲಿ ಭಾಗವಹಿಸಿದ. ಕ್ಯಾಪ್ಟನ್ ಪದವಿಯಿಂದ ರಿಯರ್ ಅಡ್ಮಿರಲ್ ಪದವಿಗೆ ಏರಲು ಆತನಿಗೆ ಸರಿಯಾಗಿ ಮೂವತ್ತು ವರ್ಷ ಹಿಡಿಯಿತು.

1773ರಲ್ಲಿ ಹ್ಯೂಸನನ್ನು ಕಮಡೋರ್ ಪದವಿಯೊಡನೆ ಈಸ್ಟ್ ಇಂಡೀಸ್ ನೌಕಾದಳದ ಅಧಿಪತಿಯಾಗಿ ಕಳುಹಿಸಿದರು. ಶಾಂತಿಯ ಕಾಲ, ದಳ ಚಿಕ್ಕದು, ವ್ಯಾಪಾರದ ಹಡಗುಗಳಿಗೆ ಕಾವಲಿರುವುದೇ ಮುಖ್ಯ ಕೆಲಸ. ಆ ದಳದ 'ಸೀಹಾರ್ಸ್' ಎಂಬ ಹಡಗಿನಲ್ಲಿ ಹದಿನೈದು ವರ್ಷದ ಹೊರೇಷಿಯೊ ನೆಲ್ಸನ್ ಇದ್ದ. 1775ರ ಫೆಬ್ರವರಿಯಲ್ಲಿ ಸೀಹಾರ್ಸ್ ಒಂದು ಕಾವಲು ಪಯಣದಲ್ಲಿ ಹೈದರ್ ಅಲಿಯ ಎರಡು ಸಣ್ಣ ಯುದ್ಧನೌಕೆಗಳನ್ನು ಎದುರಿಸಿ ಹಿಮ್ಮೆಟ್ಟಿಸಿತು. ಟ್ರಫಾಲ್ಗರ್ ವೀರನೆಂದು ಮುಂದೆ ಹೆಸರಾದವನು ಮೊದಲು ತೋಪಿನ ಸದ್ದು ಕೇಳಿದ್ದು ಹೀಗೆ, ಮೈಸೂರಿನ ಹಡಗುಗಳ ಎದುರು. ಮರುವರ್ಷ ಜ್ವರದಿಂದ ಸಾಯುವ ಸ್ಥಿತಿ ತಲುಪಿದ ಆ ಹುಡುಗನನ್ನು 'ಡಾಲ್ಫಿನ್' ಹಡಗಿನಲ್ಲಿ ಊರಿಗೆ ಕಳುಹಿಸಲಾಯಿತು. ಹ್ಯೂಸನೂ 1777ರಲ್ಲಿ ಈ ಹುದ್ದೆಯನ್ನು ಬಿಟ್ಟು ಸ್ವದೇಶಕ್ಕೆ ಹೊರಟ.

1778ರಲ್ಲಿ ಅಮೆರಿಕದ ಯುದ್ಧಕ್ಕೆ ಫ್ರಾನ್ಸ್ ಇಳಿಯಿತು. ಅದೇ ವರ್ಷ ಹ್ಯೂಸ್ ರಿಯರ್ ಅಡ್ಮಿರಲ್ ಆದ, 'ಸರ್' ಪದವಿ ಪಡೆದ, ಮತ್ತೆ ಈಸ್ಟ್ ಇಂಡೀಸ್ ಅಧಿಪತ್ಯಕ್ಕೆ ನೇಮಕಗೊಂಡ. 1779ರಲ್ಲಿ ಹೊರಟು, ದಾರಿಯಲ್ಲಿ ಆಫ್ರಿಕದ ಕರಾವಳಿಯ ಗೋರೆ ದ್ವೀಪವನ್ನು ಫ್ರೆಂಚರಿಂದ ವಶಪಡಿಸಿಕೊಂಡು, 1780ರ ಆರಂಭದಲ್ಲಿ ಮದರಾಸಿಗೆ ಬಂದ. ಆತನ ಧ್ವಜನೌಕೆ 74 ತೋಪುಗಳ 'ಸೂಪರ್ಬ್'. ಆ ವರ್ಷದ ಜುಲೈನಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಪ್ರಾಂತದ ಮೇಲೆ ನುಗ್ಗಿದ. ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನಾಶವಾಯಿತು. ಮದರಾಸು ಕೋಟೆಯ ಸುತ್ತಲಿನ ಹಳ್ಳಿಗಳು ಬೆಂದು ಬರಿದಾದವು.

ಹ್ಯೂಸನ ಮುಂದಿನ ನಡೆಗಳು ಅರ್ಥವಾಗಬೇಕಾದರೆ ಆ ಕಡಲಿನ ಗಾಳಿಯನ್ನೂ ದಂಡೆಯನ್ನೂ ತಿಳಿದಿರಬೇಕು. ಕೋರಮಂಡಲ ತೀರದಲ್ಲಿ ಆಗ ಹಡಗುಗಳಿಗೆ ಆಸರೆಯಾಗುವಂಥ ಒಂದೂ ಬಂದರಿರಲಿಲ್ಲ. ಮದರಾಸಿನಲ್ಲಿ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಆಳನ್ನೂ ಸರಕನ್ನೂ ಅಲೆಗಳ ಮೇಲೆ ದಾಟಿಸುತ್ತಿದ್ದುದು ಹಲಗೆಗಳನ್ನು ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳು. ಅಕ್ಟೋಬರಿನಲ್ಲಿ ಈಶಾನ್ಯ ಮಾರುತ ಎದ್ದರೆ ಅಲ್ಲಿ ನಿಲ್ಲುವುದೇ ಅಪಾಯ. ಪೂರ್ವ ದಿಕ್ಕಿನಲ್ಲಿದ್ದ ಒಳ್ಳೆಯ ಬಂದರು ಸಿಂಹಳದ ತ್ರಿಂಕೋಮಲಿ. ಅದು ಡಚ್ಚರ ಕೈಯಲ್ಲಿತ್ತು. ಹಡಗನ್ನು ಒಣನೆಲಕ್ಕೆ ತಂದು ತಳ ರಿಪೇರಿ ಮಾಡುವ ಡಾಕ್ ಬ್ರಿಟಿಷರಿಗೆ ಇದ್ದುದು ಬೊಂಬಾಯಿಯಲ್ಲಿ ಮಾತ್ರ. ಹೀಗಾಗಿ ಪ್ರತಿವರ್ಷ ಮಳೆಗಾಲದ ಕೊನೆಗೆ ನೌಕಾದಳ ಕನ್ಯಾಕುಮಾರಿಯನ್ನು ಸುತ್ತಿ ಪಶ್ಚಿಮಕ್ಕೆ ಬರಲೇಬೇಕಿತ್ತು, ಮದರಾಸಿನವರು ಎಷ್ಟೇ ಗೋಗರೆದರೂ.

1780ರಲ್ಲೂ ಹಾಗೆಯೇ ಆಯಿತು. ಹ್ಯೂಸ್ ಬೊಂಬಾಯಿಯ ದಾರಿಯಲ್ಲಿ ಡಿಸೆಂಬರ್ 8ರಂದು ಮಂಗಳೂರಿನ ಮೇಲೆ ಬಿದ್ದ. 1763ರಲ್ಲಿ ಬಿದನೂರನ್ನು ಗೆದ್ದಂದಿನಿಂದ ಕರಾವಳಿ ಹೈದರನ ಕೈಯಲ್ಲಿತ್ತು. ಘಟ್ಟದ ಸಾಗುವಾನಿ ಮರ, ಬಂದರಿನ ಬಡಗಿಗಳು, ಮಲಬಾರಿನ ನಾವಿಕರು, ಎಲ್ಲವೂ ಇದ್ದವು. 1768ರಲ್ಲಿ ಬೊಂಬಾಯಿಯ ಕಂಪನಿ ಪಡೆ ಮಂಗಳೂರನ್ನು ಹಿಡಿದು ಕೆಲವೇ ಕಾಲದಲ್ಲಿ ಕಳೆದುಕೊಂಡ ಮೇಲೆ ಹೈದರ್ ಮತ್ತೆ ಹಡಗು ಕಟ್ಟಿಸಲು ತೊಡಗಿದ್ದ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲಿಗೆ ಸೇರುವ ಅಳಿವೆಯಲ್ಲಿ ಮರಳದಿಬ್ಬ ಅಡ್ಡವಿರುವುದರಿಂದ ದೊಡ್ಡ ಯುದ್ಧನೌಕೆಗಳು ಒಳನುಗ್ಗುವಂತಿಲ್ಲ. ಹ್ಯೂಸ್ ಸಶಸ್ತ್ರ ದೋಣಿಗಳನ್ನು ಮುಂದೆ ಬಿಟ್ಟ. ದಡದ ಗುಂಡುಗಳ ನಡುವೆಯೇ ಆತನ ನಾವಿಕರು ಮೈಸೂರಿನ ಹಡಗುಗಳನ್ನು ಹತ್ತಿ ಬೆಂಕಿಯಿಟ್ಟರು. ಇಪ್ಪತ್ತಕ್ಕೂ ಹೆಚ್ಚು ತೋಪುಗಳಿದ್ದ ದೊಡ್ಡ ನೌಕೆಗಳೂ ಹಲವು ಚಿಕ್ಕ ನೌಕೆಗಳೂ ನಾಶವಾದವು. ವರ್ಷಗಟ್ಟಲೆ ದುಡಿದು ಕಟ್ಟಿದ್ದು ಒಂದು ಹಗಲಿನಲ್ಲಿ ಹೋಯಿತು. ಇಂಗ್ಲಿಷ್ ಬರಹಗಳು ಈ ಘಟನೆಯನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಹ್ಯೂಸನ ಇಡೀ ಸೇವೆಯಲ್ಲಿ ಅತ್ಯಂತ ಪೂರ್ಣವಾದ ಯಶಸ್ಸು ಇದೇ ಎಂಬುದು ಅವುಗಳಿಗೆ ಹೊಳೆದಂತಿಲ್ಲ. ಇದಾದ ಬಳಿಕ ಹೈದರನಿಗೆ ಕಡಲಿನ ಮೇಲೆ ಉಳಿದ ಆಸೆ ಫ್ರೆಂಚರೊಬ್ಬರೇ. ಟಿಪ್ಪು ಮತ್ತೆ ನೌಕಾಪಡೆಯ ದೊಡ್ಡ ಯೋಜನೆ ಹಾಕಿದ್ದು 1790ರ ದಶಕದಲ್ಲಿ.

ಫ್ರೆಂಚರೇನೋ ಬಂದರು. 1781ರ ಆರಂಭದಲ್ಲಿ ಕಡಲೂರಿನ ಬಳಿ ಸರ್ ಐರ್ ಕೂಟನ ಬ್ರಿಟಿಷ್ ಸೈನ್ಯ ಸಿಕ್ಕಿಹಾಕಿಕೊಂಡಿತ್ತು. ನೆಲದ ಮೇಲೆ ಹೈದರನ ಕುದುರೆಪಡೆ ಸುತ್ತುವರಿದಿತ್ತು. ಅಕ್ಕಿ ಬರಬೇಕಾದುದು ಕಡಲಿನಿಂದ. ಕಡಲಿನಲ್ಲಿ ಡಾರ್ವ್ ಎಂಬ ಫ್ರೆಂಚ್ ಅಧಿಪತಿಯ ಹಡಗುಗಳು ಕಾಣಿಸಿಕೊಂಡವು. ಹ್ಯೂಸ್ ಆಗ ಪಶ್ಚಿಮ ತೀರದಲ್ಲಿ, ನೂರಾರು ಹರದಾರಿ ದೂರ. ಡಾರ್ವ್ ಕೆಲವು ವಾರ ಅಲ್ಲೇ ನಿಂತಿದ್ದರೆ ಕೂಟನ ಸೈನ್ಯ ಹಸಿವಿನಿಂದಲೇ ಶರಣಾಗುತ್ತಿತ್ತು. ಹೈದರ್ ಎಷ್ಟು ಕೇಳಿಕೊಂಡರೂ ಆತ ಫೆಬ್ರವರಿಯ ನಡುವಿನಲ್ಲಿ ಮಾರಿಷಸ್‌ಗೆ ಹೊರಟುಹೋದ. ಕೂಟ್ ಚೇತರಿಸಿಕೊಂಡು ಜುಲೈ 1ರಂದು ಪೋರ್ಟೊನೊವೊದಲ್ಲಿ ಹೈದರನನ್ನು ಸೋಲಿಸಿದ. ಇಡೀ ಯುದ್ಧ ಹೈದರನ ಕಡೆಗೆ ವಾಲಬಹುದಾಗಿದ್ದ ಗಳಿಗೆ ಅದು. ಹ್ಯೂಸ್ ಅದರಿಂದ ಪಾರಾದದ್ದು ತನ್ನ ಜಾಣ್ಮೆಯಿಂದ ಅಲ್ಲ, ಡಾರ್ವ್‌ನ ಅಂಜಿಕೆಯಿಂದ.

ಡಚ್ಚರೂ ಯುದ್ಧಕ್ಕಿಳಿದಿದ್ದರಿಂದ ಅವರ ನೆಲೆಗಳ ಮೇಲೆ ಕೈಹಾಕಲು ದಾರಿಯಾಯಿತು. ಹ್ಯೂಸ್ ಮತ್ತು ಜನರಲ್ ಹೆಕ್ಟರ್ ಮನ್ರೊ ಸೇರಿ 1781ರ ನವೆಂಬರಿನಲ್ಲಿ ನಾಗಪಟ್ಟಣವನ್ನು ಹಿಡಿದರು. 1782ರ ಜನವರಿ 11ರಂದು ತ್ರಿಂಕೋಮಲಿಯ ಕೋಟೆಯೂ ಬಿತ್ತು.

ಒಂದೇ ತಿಂಗಳಲ್ಲಿ ಸನ್ನಿವೇಶ ಬದಲಾಯಿತು. ಮಾರಿಷಸ್‌ನಿಂದ ಹೊರಟ ಹೊಸ ಫ್ರೆಂಚ್ ದಳದ ದಾರಿಯಲ್ಲಿ ಡಾರ್ವ್ ತೀರಿಕೊಂಡು ಅಧಿಕಾರ ಪಿಯೆರ್ ಆಂದ್ರೆ ದ ಸಫ್ರೆನನ ಕೈಗೆ ಬಂತು. ಫ್ರಾನ್ಸಿನ ನೌಕಾಪಡೆ ಆ ಶತಮಾನದಲ್ಲಿ ಕಂಡ ಅತ್ಯಂತ ಉಗ್ರ ಹೋರಾಟಗಾರ ಈತ. ಉಳಿದ ಫ್ರೆಂಚ್ ಅಧಿಪತಿಗಳು ಹಡಗುಗಳನ್ನು ಉಳಿಸಿಕೊಳ್ಳುವುದನ್ನೇ ಗುರಿ ಮಾಡಿಕೊಂಡಿದ್ದರೆ ಈತನಿಗೆ ಶತ್ರುವಿನ ಹಡಗುಗಳನ್ನು ಹುಡುಕಿ ಒಡೆಯುವುದೇ ಗುರಿ. ಫೆಬ್ರವರಿ 15ರಂದು ಸಫ್ರೆನ್ ಮದರಾಸಿನ ಎದುರು ಕಾಣಿಸಿಕೊಂಡ. ಹ್ಯೂಸನ ಬಳಿ 9 ದೊಡ್ಡ ಯುದ್ಧನೌಕೆಗಳು, ಸಫ್ರೆನನ ಬಳಿ 12. ಕೋಟೆಯ ತೋಪುಗಳ ಕೆಳಗೆ ನಿಂತ ಹ್ಯೂಸನನ್ನು ಮುಟ್ಟದೆ ಫ್ರೆಂಚರು ದಕ್ಷಿಣಕ್ಕೆ ತಿರುಗಿದರು. ಹ್ಯೂಸ್ ರಾತ್ರಿಯೇ ಹಿಂದೆ ಬಿದ್ದು ಮರುದಿನ ಅವರ ಸಾಗಣೆ ಹಡಗುಗಳನ್ನು ಹಿಡಿದ. ಫ್ರೆಂಚರು ಮೊದಲು ಸೆರೆಹಿಡಿದಿದ್ದ ಐದು ಬ್ರಿಟಿಷ್ ಹಡಗುಗಳು ಮರಳಿ ಸಿಕ್ಕವು. ಜೊತೆಗೆ ಹೈದರನಿಗಾಗಿ ಸೈನಿಕರನ್ನೂ ಯುದ್ಧಸಾಮಗ್ರಿಯನ್ನೂ ಹೊತ್ತು ತರುತ್ತಿದ್ದ ಒಂದು ಹಡಗೂ ಕೈಸೇರಿತು. ಕಡಿಮೆ ಬಲದವನು ಇಟ್ಟ ಈ ಹೆಜ್ಜೆ ದಿಟ್ಟವಾದದ್ದು. ಹ್ಯೂಸ್ ಬರೀ ಮಂದಗತಿಯವನೆನ್ನುವವರು ಇದನ್ನು ಮರೆಯುತ್ತಾರೆ.

ಫೆಬ್ರವರಿ 17ರ ಮಧ್ಯಾಹ್ನ ಸದರಾಸ್ ಬಳಿ ಮೊದಲ ಕದನ ನಡೆಯಿತು. ಗಾಳಿ ಬೀಸುವ ಕಡೆ ಇದ್ದವನಿಗೆ ಯಾವಾಗ, ಎಲ್ಲಿ ಹೊಡೆಯಬೇಕೆಂದು ನಿರ್ಧರಿಸುವ ಅನುಕೂಲ ಇರುತ್ತಿತ್ತು. ಅಂದು ಅದು ಸಫ್ರೆನನದಾಗಿತ್ತು. ಮುಂದಿನ ನಾಲ್ಕು ಕದನಗಳಲ್ಲಿ ಮೂರರಲ್ಲೂ ಅವನಿಗೇ. ಸಾಲಿಗೆ ಸಾಲು ಎದುರಿಟ್ಟು ಹೊಡೆದಾಡುವ ರೂಢಿ ಬಿಟ್ಟು ಸಫ್ರೆನ್ ಬ್ರಿಟಿಷ್ ಸಾಲಿನ ಹಿಂದಿನ ಹಡಗುಗಳ ಮೇಲೆ ಮುಗಿಬಿದ್ದ. 'ಎಕ್ಸಿಟರ್' ಜರ್ಜರಿತವಾಯಿತು. ಅದರ ಕ್ಯಾಪ್ಟನ್ ರೆನಾಲ್ಡ್ಸ್, ಸೂಪರ್ಬ್ ಹಡಗಿನ ಕ್ಯಾಪ್ಟನ್ ಸ್ಟೀವನ್ಸ್ ಇಬ್ಬರೂ ಸತ್ತರು. ಸಫ್ರೆನನ ಯೋಜನೆ ಪೂರ್ತಿ ಫಲಿಸದೆ ಹೋದದ್ದು ಆತನದೇ ಕ್ಯಾಪ್ಟನ್‌ಗಳಿಂದ. ಹಲವರು ಗುಂಡಿನಳತೆಗೆ ಬರಲೇ ಇಲ್ಲ. ಸಂಜೆ ಗಾಳಿ ತಿರುಗಿ ಮುಂದಿನ ಬ್ರಿಟಿಷ್ ಹಡಗುಗಳು ನೆರವಿಗೆ ಬರುವಂತಾದಾಗ ಸಫ್ರೆನ್ ಕದನ ನಿಲ್ಲಿಸಿದ. ಹ್ಯೂಸ್ ರಿಪೇರಿಗೆಂದು ತ್ರಿಂಕೋಮಲಿಗೆ ಹೋದ. ಈ ಬಿಡುವಿನಲ್ಲಿ ಸಫ್ರೆನ್ ಪೋರ್ಟೊನೊವೊದಲ್ಲಿ ಫ್ರೆಂಚ್ ಪಡೆಯನ್ನು ಇಳಿಸಿದ. ಏಪ್ರಿಲ್ ಆರಂಭದಲ್ಲಿ ಕಡಲೂರು ಹೈದರ್ ಮತ್ತು ಫ್ರೆಂಚರ ಪಾಲಾಯಿತು.

ಎರಡನೆಯದು ಏಪ್ರಿಲ್ 12ರಂದು, ಸಿಂಹಳದ ಪೂರ್ವ ತೀರದ ಪ್ರಾವಿಡಿಯನ್ ಎಂಬ ಬಂಡೆದ್ವೀಪದ ಬಳಿ. ಇಂಗ್ಲೆಂಡಿನಿಂದ ಎರಡು ಹಡಗುಗಳು ಬಂದು ಸೇರಿದ್ದರಿಂದ ಹ್ಯೂಸನ ಬಲ 11ಕ್ಕೆ ಏರಿತ್ತು. ತ್ರಿಂಕೋಮಲಿಗೆ ಸಾಮಗ್ರಿ ತಲುಪಿಸುವ ಆತುರದಲ್ಲಿ ಆತ ದಂಡೆಗೆ ತೀರ ಹತ್ತಿರ ಸಾಗಿದ. ಬಂಡೆಗಳಿಗೂ ಶತ್ರುವಿಗೂ ನಡುವೆ ಸಿಕ್ಕಿಬಿದ್ದ. ಇದು ಆತನ ಸ್ಪಷ್ಟ ತಪ್ಪು. ಪೆಟ್ಟಿನ ಭಾರವೆಲ್ಲ ಸೂಪರ್ಬ್ ಮತ್ತು 64 ತೋಪುಗಳ 'ಮನ್ಮತ್' ಹಡಗುಗಳ ಮೇಲೆ ಬಿತ್ತು. ಸೂಪರ್ಬ್‌ನಲ್ಲಿ 59 ಮಂದಿ, ಮನ್ಮತ್‌ನಲ್ಲಿ 45 ಮಂದಿ ಸತ್ತರು. ಟ್ರಫಾಲ್ಗರಿನಲ್ಲಿ ನೆಲ್ಸನ್ನನ 'ವಿಕ್ಟರಿ' ಹಡಗಿನಲ್ಲಿ ಸತ್ತವರು 57. ಮನ್ಮತ್ ಕೂವೆಮರಗಳನ್ನು ಕಳೆದುಕೊಂಡು ತೇಲುತ್ತಿದ್ದಾಗಲೂ ಅದರ ಕ್ಯಾಪ್ಟನ್ ಆಮ್ಸ್ ಧ್ವಜ ಇಳಿಸಲಿಲ್ಲ, ಜೊತೆಯವರು ಅದನ್ನು ಬಿಟ್ಟುಹೋಗಲೂ ಇಲ್ಲ. ಸಂಜೆಯ ಮಳೆಗಾಳಿಯಲ್ಲಿ ಎರಡೂ ದಳಗಳು ಹತ್ತಿರ ಹತ್ತಿರವೇ ಲಂಗರು ಹಾಕಿ, ಒಂದು ವಾರ ಪರಸ್ಪರರ ಕಣ್ಣೆದುರಲ್ಲೇ ಹಾಯಿ ಹಗ್ಗ ರಿಪೇರಿ ಮಾಡಿಕೊಂಡವು.

ಜುಲೈ 6ರ ನಾಗಪಟ್ಟಣದ ಕದನ ಹ್ಯೂಸನಿಗೆ ಗೆಲುವಿನ ಹತ್ತಿರ ಬಂದದ್ದು. ನಾಗಪಟ್ಟಣವನ್ನು ಕಿತ್ತುಕೊಳ್ಳಲು ಬಂದ ಸಫ್ರೆನನನ್ನು ಆತ ರಾತ್ರಿಯೇ ಲಂಗರೆತ್ತಿ, ಗಾಳಿಯ ಅನುಕೂಲ ತಾನು ಪಡೆದು, ಸಮಬಲದಲ್ಲಿ ಎದುರಿಸಿದ. ಮಧ್ಯಾಹ್ನ ಗಾಳಿ ಥಟ್ಟನೆ ದಿಕ್ಕು ಬದಲಿಸಿ ಎರಡೂ ಸಾಲುಗಳು ಚದುರಿಹೋದವು. ಫ್ರೆಂಚರ 'ಸೆವೇರ್' ಹಡಗಿನ ಕ್ಯಾಪ್ಟನ್ ಶರಣಾಗತಿಗೆಂದು ಧ್ವಜ ಇಳಿಸಲು ಹೇಳಿದ. ಆತನ ಕೈಕೆಳಗಿನ ಅಧಿಕಾರಿಗಳೇ ಒಪ್ಪದೆ ಮತ್ತೆ ಏರಿಸಿ ಹೋರಾಡಿದರು. ಬ್ರಿಟಿಷರ ಕಡೆ 77 ಸಾವು, ಫ್ರೆಂಚರ ಕಡೆ 178. ಸೂಪರ್ಬ್‌ನ ಹೊಸ ಕ್ಯಾಪ್ಟನ್ ಮ್ಯಾಕ್‌ಲೆಲನ್ ಕೂಡ ಸತ್ತ. ಐದು ತಿಂಗಳಲ್ಲಿ ಹ್ಯೂಸ್ ತನ್ನ ಪಕ್ಕದಲ್ಲೇ ಇಬ್ಬರು ಕ್ಯಾಪ್ಟನ್‌ಗಳನ್ನು ಕಳೆದುಕೊಂಡಂತಾಯಿತು. ಸಫ್ರೆನ್ ಕಡಲೂರಿಗೆ ಮರಳಿ ತನ್ನ ಕೆಲವು ಕ್ಯಾಪ್ಟನ್‌ಗಳನ್ನು ಹುದ್ದೆಯಿಂದ ಕಿತ್ತುಹಾಕಿದ. ಆ ತಿಂಗಳ ಕೊನೆಗೆ ಹೈದರ್ ಖುದ್ದಾಗಿ ಅಲ್ಲಿಗೆ ಬಂದು ಸಫ್ರೆನನನ್ನು ಕಂಡ.

ಇಲ್ಲಿಂದ ಮುಂದೆ ಹ್ಯೂಸ್ ಎಡವಿದ. ರಿಪೇರಿಗೆಂದು ಜುಲೈ 20ಕ್ಕೆ ಮದರಾಸು ತಲುಪಿದವನು ಹೊರಟದ್ದು ಆಗಸ್ಟ್ 20ಕ್ಕೆ. ಹೆಚ್ಚು ಪೆಟ್ಟು ತಿಂದಿದ್ದ ಸಫ್ರೆನ್ ಒಡೆದ ಮನೆಗಳ ತೊಲೆ, ಚಿಕ್ಕ ಹಡಗುಗಳ ಕೂವೆಮರ, ಸಿಕ್ಕಿದ್ದನ್ನೆಲ್ಲ ಬಳಸಿ ಆಗಸ್ಟ್ 1ಕ್ಕೇ ಕಡಲಿಗಿಳಿದಿದ್ದ. ಆಗಸ್ಟ್ ಕೊನೆಗೆ ತ್ರಿಂಕೋಮಲಿ ಫ್ರೆಂಚರ ಕೈಸೇರಿತು. ಸೆಪ್ಟೆಂಬರ್ 2ರಂದು ಬಂದ ಹ್ಯೂಸನಿಗೆ ಕಂಡದ್ದು ಕೋಟೆಯ ಮೇಲಿನ ಫ್ರೆಂಚ್ ಧ್ವಜ. ಮರುದಿನ 12 ಹಡಗುಗಳಿಂದ 14ನ್ನು ಎದುರಿಸಿ ಆತ ಮಾಡಿದ ಕದನ ಮಾತ್ರ ಚೆನ್ನಾಗಿಯೇ ನಡೆಯಿತು. ಹಿಂದಕ್ಕೆ ಸರಿಯುತ್ತ ಶತ್ರುವನ್ನು ಬಂದರಿನಿಂದ ದೂರ ಸೆಳೆದ. ಸಫ್ರೆನನ ಧ್ವಜನೌಕೆ 'ಏರೋ' ಒಂಟಿಯಾಗಿ ಸಿಕ್ಕಿ ನಡುಕೂವೆ ಕಳೆದುಕೊಂಡಿತು. ಬ್ರಿಟಿಷರ ಮೂವರು ಕ್ಯಾಪ್ಟನ್‌ಗಳು ಸತ್ತರು. ಕದನದಲ್ಲಿ ಉಳಿದ ಎರಡು ಫ್ರೆಂಚ್ ಹಡಗುಗಳು ಮುಂದಿನ ವಾರಗಳಲ್ಲಿ ದಂಡೆಗೆ ಬಡಿದು ಒಡೆದವು. ಆದರೂ ಬಂದರು ಹೋಗಿತ್ತು.

ಅಕ್ಟೋಬರಿನಲ್ಲಿ ಹ್ಯೂಸ್ ಬೊಂಬಾಯಿಗೆ ಹೊರಡುವೆನೆಂದಾಗ ಮದರಾಸಿನ ಗವರ್ನರ್ ಲಾರ್ಡ್ ಮಕಾರ್ಟ್ನಿ ಬಲವಾಗಿ ವಿರೋಧಿಸಿದ. ಊರು ನಿರಾಶ್ರಿತರಿಂದ ತುಂಬಿತ್ತು. ಅಕ್ಕಿ ಬರುತ್ತಿದ್ದುದು ಬಂಗಾಳ ಮತ್ತು ಉತ್ತರದ ತೀರದಿಂದ, ಹಡಗಿನಲ್ಲೇ. ಅಕ್ಟೋಬರ್ 15ರಂದು ಬಿರುಗಾಳಿ ಎದ್ದಾಗ ಹ್ಯೂಸನ ದಳ ಹೇಗೋ ನಡುಗಡಲಿಗೆ ಪಾರಾಯಿತು. ಅಕ್ಕಿ ತುಂಬಿದ್ದ ವ್ಯಾಪಾರಿ ಹಡಗುಗಳು ದಡಕ್ಕೆ ಬಡಿದವು. ಆ ವರ್ಷದ ಮದರಾಸಿನ ಕ್ಷಾಮ ಇದರಿಂದ ಇನ್ನಷ್ಟು ಭೀಕರವಾಯಿತು. ಬೀದಿಯಲ್ಲಿ ಸತ್ತವರು ಯಾವ ಅಧಿಪತಿಯ ವರದಿಯಲ್ಲೂ ಲೆಕ್ಕಕ್ಕೆ ಸಿಗುವುದಿಲ್ಲ.

1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಬೊಂಬಾಯಿಯಲ್ಲಿ ಬಿಕರ್ಟನ್ನನ ಐದು ಹಡಗುಗಳು ಸೇರಿ ಹ್ಯೂಸನ ಬಲ 18ಕ್ಕೆ ಏರಿತು. 1783ರ ಜೂನಿನಲ್ಲಿ ಜನರಲ್ ಸ್ಟುವರ್ಟ್ ಕಡಲೂರಿಗೆ ಮುತ್ತಿಗೆ ಹಾಕಿದಾಗ ಕಡಲಿನ ಕಡೆಯ ಕಾವಲು ಹ್ಯೂಸನದು. ಸಫ್ರೆನ್ 15 ಹಡಗುಗಳೊಂದಿಗೆ ಬಂದ. ಲೆಕ್ಕದಲ್ಲಿ ಹ್ಯೂಸ್ ಮೇಲು. ಆದರೆ ತಾಜಾ ಕಾಯಿಪಲ್ಲೆ ಇಲ್ಲದೆ ಬರುವ ಸ್ಕರ್ವಿ ರೋಗದಿಂದ ಆತನ ಸಾವಿರಕ್ಕೂ ಹೆಚ್ಚು ನಾವಿಕರು ಮಲಗಿದ್ದರು, ಕುಡಿಯುವ ನೀರೂ ಮುಗಿಯುತ್ತ ಬಂದಿತ್ತು. ಸಫ್ರೆನ್ ದಡದಿಂದ 1,200 ಸೈನಿಕರನ್ನು ಹತ್ತಿಸಿಕೊಂಡು ಜೂನ್ 20ರಂದು ಹೊಡೆದ. ಎರಡೂ ಕಡೆ ನೂರು ನೂರರಂತೆ ಸತ್ತರು. ಹ್ಯೂಸ್ ಮದರಾಸಿಗೆ ಹಿಂದಿರುಗಿದ. ಸ್ಟುವರ್ಟನ ಮುತ್ತಿಗೆ ಗಾಳಿಯಲ್ಲಿ ತೂಗಾಡಿತು. ಅಷ್ಟರಲ್ಲಿ ಯುರೋಪಿನಲ್ಲಿ ತಾತ್ಕಾಲಿಕ ಶಾಂತಿ ಆಗಿರುವ ಸುದ್ದಿ ಬಂತು. ಜೂನ್ 29ರಂದು ಬಿಳಿ ಬಾವುಟದ ಬ್ರಿಟಿಷ್ ಹಡಗು ಕಡಲೂರು ತಲುಪಿತು. ಇನ್ನು ಕೆಲವು ವಾರ ತಡವಾಗಿದ್ದರೆ ಬ್ರಿಟಿಷರು ದಕ್ಷಿಣದಲ್ಲಿ ಒಂದು ಸೈನ್ಯವನ್ನೇ ಕಳೆದುಕೊಳ್ಳುವ ಸಂಭವವಿತ್ತು. ಟಿಪ್ಪುವಿನ ಯುದ್ಧ ಮಾತ್ರ 1784ರ ಮಾರ್ಚ್‌ನ ಮಂಗಳೂರು ಒಪ್ಪಂದದವರೆಗೆ ನಡೆಯಿತು. ಐದು ಕದನಗಳನ್ನು ತಾಳಿದ ಸೂಪರ್ಬ್ 1783ರ ನವೆಂಬರಿನಲ್ಲಿ ತಲಚೇರಿಯ ಬಳಿ ಒಡೆದು ಮುಳುಗಿತು.

ಅಮೆರಿಕದ ನೌಕಾ ಇತಿಹಾಸಕಾರ ಆಲ್ಫ್ರೆಡ್ ಮೆಹಾನ್ 1890ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಹೋರಾಟಕ್ಕೆ ದೀರ್ಘ ಅಧ್ಯಾಯವನ್ನೇ ಮೀಸಲಿಟ್ಟ. ಅವನ ದೃಷ್ಟಿಯಲ್ಲಿ ಪ್ರತಿಭೆಯೆಲ್ಲ ಸಫ್ರೆನನದು. ಹ್ಯೂಸ್ ಕೆಲಸ ಬಲ್ಲ ಗಟ್ಟಿ ನಾವಿಕ, ಅಷ್ಟೇ. ಅದು ಒಪ್ಪತಕ್ಕ ಮಾತು. ಆದರೆ ಹ್ಯೂಸನ ಕ್ಯಾಪ್ಟನ್‌ಗಳು ಸಾಲು ಬಿಟ್ಟು ಓಡಲಿಲ್ಲ, ಪೆಟ್ಟು ತಿಂದ ಹಡಗನ್ನು ಒಂಟಿಯಾಗಿ ಬಿಡಲಿಲ್ಲ. ಟೂಲಾನಿನಲ್ಲೂ ಗ್ಲೋರಿಯೋಸೊ ಎದುರಿನಲ್ಲೂ ಕಾಣದ ಆ ನಂಬಿಕೆ ಇಲ್ಲಿ ಕಂಡಿತು. ಸಫ್ರೆನನಿಗೆ ಸಿಗದೆ ಹೋದದ್ದೂ ಅದೇ. ಹೈದರನಿಗೆ ಫ್ರೆಂಚ್ ಮೈತ್ರಿಯಿಂದ ಬೇಕಾಗಿದ್ದುದು ಒಂದೇ: ಮದರಾಸಿಗೆ ಬರುವ ಅಕ್ಕಿಯ ದಾರಿ ಮುಚ್ಚುವುದು. ಎರಡು ವರ್ಷ ಹ್ಯೂಸನ ದಳ ಮುಳುಗದೆ ಉಳಿದದ್ದರಿಂದ ಆ ದಾರಿ ಪೂರ್ತಿ ಮುಚ್ಚಲಿಲ್ಲ. ಗೆಲುವಿನ ಪಟ್ಟಿಯಲ್ಲಿ ಆತನ ಹೆಸರು ಹುಡುಕುವವರಿಗೆ ಇದು ಕಾಣುವುದಿಲ್ಲ.

1785ರಲ್ಲಿ ಹ್ಯೂಸ್ ಇಂಗ್ಲೆಂಡಿಗೆ ಮರಳಿದ. ಮತ್ತೆ ಕಡಲಿಗೆ ಹೋಗಲಿಲ್ಲ. ಹಿರಿತನದ ಮೇಲೆ 1793ರಲ್ಲಿ ಅಡ್ಮಿರಲ್ ಆಗಿ, 1794ರಲ್ಲಿ ಎಸೆಕ್ಸ್‌ನ ಲಕ್ಸ್‌ಬರೋ ಬಂಗಲೆಯಲ್ಲಿ ತೀರಿಕೊಂಡ. ಜಾಶುವಾ ರೆನಾಲ್ಡ್ಸ್ ಬರೆದ ಆತನ ಭಾವಚಿತ್ರ ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಸೆರೆಹಿಡಿದ ಹಡಗುಗಳ ಪಾಲಿನ ಹಣ ಸೇರಿ ಆತ ಭಾರತದಿಂದ ಒಯ್ದ ಸಂಪತ್ತು ಅಪಾರ. ಸ್ವಂತ ಮಕ್ಕಳಿಲ್ಲದ ಕಾರಣ ಅದು ಹೆಂಡತಿಯ ಮೊದಲ ಮದುವೆಯ ಸಂತತಿಗೆ ಹೋಯಿತು. ಅವರಲ್ಲಿ ಎಡ್ವರ್ಡ್ ಹ್ಯೂಸ್ ಬಾಲ್ ಹ್ಯೂಸ್ ಎಂಬವನು 'ಗೋಲ್ಡನ್ ಬಾಲ್' ಎಂದು ಲಂಡನ್ನಿನಲ್ಲಿ ಹೆಸರಾದ ಶೋಕೀಲಾಲ. ಆಸ್ತಿಯ ಬಹುಭಾಗವನ್ನು ಜೂಜಿನ ಮೇಜಿನ ಮೇಲೆ ಕಳೆದು, ಸಾಲಗಾರರಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿಗೆ ಹೋಗಿ ನೆಲೆಸಿದ.